ರೇಷನ್ ಅಕ್ಕಿ ಗಡಿ ದಾಟಿತು, ಶಾಲೆಯ ತತ್ತಿ ದಾಟಲಿಲ್ಲ

ಮನೂರ್: ದಸರಾ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ನಾರಾಯಣಖೇಡ, ಮನೂರ್ ಭಾಗದ ತಾಂಡಾಗಳಲ್ಲಿ ಗಂಟುಮೂಟೆ ಕಟ್ಟುವ ಕೆಲಸ ಶುರು. ಕಬ್ಬು ಕಡಿಯುವ ಟೋಳಿಗಳು ಬೀದರ್ ಕಡೆ, ಮಹಾರಾಷ್ಟ್ರದ ಕಡೆ ಹೊರಟರೆ ತಿರುಗಿ ಬರೋದು ಯುಗಾದಿ ಸುಮಾರಿಗೆ. ಮನೆಯಲ್ಲಿ ಅಜ್ಜ ಅಜ್ಜಿ ಗಟ್ಟಿಯಾಗಿದ್ದರೆ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಇಲ್ಲದಿದ್ದರೆ ಅವರೂ ಟ್ರ್ಯಾಕ್ಟರ್ ಹತ್ತುತ್ತಾರೆ.

ಇದರಿಂದ ಮಕ್ಕಳ ಓದು ಹಾಳಾಗುತ್ತದೆ ಅನ್ನೋದು ಹಳೆಯ ಮಾತು. ಆದರೆ ಓದಿನ ಜೊತೆ ಇನ್ನೊಂದು ನಷ್ಟವೂ ಆಗುತ್ತಿದೆ. ಅದರ ಲೆಕ್ಕ ಯಾವ ಹಾಜರಿ ಪುಸ್ತಕದಲ್ಲೂ ಕಾಣುವುದಿಲ್ಲ.

ಸರಕಾರಿ ಶಾಲೆ ಈಗ ಬರೀ ಅಕ್ಷರ ಕಲಿಸುವ ಜಾಗವಾಗಿ ಉಳಿದಿಲ್ಲ. ಬಡವರ ಮಕ್ಕಳಿಗೆ ಅದೇ ಊಟದ ಮನೆ, ಅದೇ ಅರ್ಧ ದವಾಖಾನೆ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿದ ಮೇಲೆ ಬೀದರ್ ಸೇರಿ ಕರ್ನಾಟಕದ 7 ಜಿಲ್ಲೆಗಳಲ್ಲಿ 2002ರಲ್ಲಿ, ಆಗಿನ ಆಂಧ್ರಪ್ರದೇಶದಲ್ಲಿ 2003ರಲ್ಲಿ ಬಿಸಿಯೂಟ ಆರಂಭವಾಯಿತು. ಆಮೇಲೆ ಒಂದೊಂದಾಗಿ ಎಲ್ಲವೂ ಶಾಲೆಯ ಬಾಗಿಲಿಗೇ ಬಂದವು. ವಾರಕ್ಕೊಂದು ಕಬ್ಬಿಣಾಂಶದ ಗುಳಿಗೆ, ಸಣ್ಣವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ. ಜಂತುಹುಳದ ಗುಳಿಗೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವರ್ಷಕ್ಕೊಮ್ಮೆ ಶಾಲೆಗೇ ಬರುವ ವೈದ್ಯರ ತಂಡ. ಕಣ್ಣು, ಕಿವಿ, ಹಲ್ಲು, ಹೃದಯದ ತೊಂದರೆ ಅಲ್ಲೇ ಪತ್ತೆ ಹಚ್ಚಿ ದೊಡ್ಡಾಸ್ಪತ್ರೆಗೆ ಕಳಿಸುವ ವ್ಯವಸ್ಥೆ ಅದು.

ಎಲ್ಲವೂ ಒಳ್ಳೆಯದೇ. ಆದರೆ ಇಷ್ಟೂ ನಿಂತಿರೋದು ಒಂದೇ ಕಂಬದ ಮೇಲೆ: ಆ ದಿನ ಆ ಮಗು ಆ ಶಾಲೆಯಲ್ಲಿ ಇರಬೇಕು.

ಕೋಯ್ತಾ ಲೆಕ್ಕ

ಕಬ್ಬಿನ ಕೆಲಸದಲ್ಲಿ ಗಂಡ ಹೆಂಡತಿ ಜೋಡಿಗೆ ಮರಾಠಿಯಲ್ಲಿ ‘ಕೋಯ್ತಾ’ ಅಂತ ಹೆಸರು. ಮುಕಾದಮ ಕೊಡುವ ಮುಂಗಡಕ್ಕೆ ‘ಉಚಲ’. ಉಚಲ ಎಣಿಸೋದು ಕೋಯ್ತಾ ಮೇಲೆ. ಮಗುವಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಅದು ತಾಡಪತ್ರಿಯ ಕೋಪಿಯಲ್ಲಿ ತಮ್ಮ ತಂಗಿಯನ್ನು ನೋಡಿಕೊಂಡು ಕೂತಿರುತ್ತದೆ.

ತೆಲಂಗಾಣದ ಬಿಸಿಯೂಟದ ಪಟ್ಟಿಯಲ್ಲಿ ವಾರಕ್ಕೆ 3 ತತ್ತಿ ಇದೆ. ಹಂಗಾಮು 5 ತಿಂಗಳು ಅಂದರೆ ಸುಮಾರು 20 ವಾರ. ರಜೆ ಕಳೆದರೂ ಒಂದು ಮಗು ಕಳೆದುಕೊಳ್ಳುವುದು 50ಕ್ಕೆ ಹತ್ತಿರ ತತ್ತಿ, ಹದಿನೈದಿಪ್ಪತ್ತು ಕಬ್ಬಿಣದ ಗುಳಿಗೆ, ದಿನಕ್ಕೊಂದು ಹೊಟ್ಟೆ ತುಂಬ ಊಟ. ಪ್ರಾಥಮಿಕ ಶಾಲೆಯ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕೆಂಬುದು ನಿಯಮ. ಒಂದು ತತ್ತಿಯಲ್ಲೇ ಅದರ ಸುಮಾರು ಅರ್ಧ ಪ್ರೋಟೀನ್ ಸಿಗುತ್ತದೆ.

ಜಂತುಹುಳ ನಿವಾರಣಾ ದಿನ ವರ್ಷಕ್ಕೆ ಎರಡು ಸಲ, ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ. ಆಗಸ್ಟಿನಲ್ಲಿ ಮಕ್ಕಳು ಊರಲ್ಲಿರುತ್ತಾರೆ, ಸರಿ. ಫೆಬ್ರವರಿಯಲ್ಲಿ ಕಬ್ಬಿನ ಕೆಲಸ ಜೋರು. ಶೌಚಾಲಯವಿಲ್ಲದೆ, ಬರಿಗಾಲಲ್ಲಿ ಗದ್ದೆಯಲ್ಲಿ ಓಡಾಡುವ ಮಗುವಿಗೇ ಆ ಗುಳಿಗೆ ಹೆಚ್ಚು ಬೇಕು. ಆ ಮಗುವಿಗೇ ಅದು ಸಿಗೋದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ತೆಲಂಗಾಣದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 64.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ತಾಂಡಾದ ಹುಡುಗಿಯರ ಸ್ಥಿತಿ ಅದಕ್ಕಿಂತ ಮೇಲಿರುತ್ತದೆ ಅಂತ ನಂಬಲು ಕಾರಣವೇನೂ ಇಲ್ಲ.

ಆ ಕಡೆ 6, ಈ ಕಡೆ 3

ಗಡಿಯ ಆ ಕಡೆ ಔರಾದ್ ತಾಲೂಕಿನ ಶಾಲೆಗಳಲ್ಲಿ ಚಿತ್ರ ಬೇರೆ. ಕರ್ನಾಟಕದಲ್ಲಿ 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು. 2021ರ ಡಿಸೆಂಬರಿನಲ್ಲಿ ತತ್ತಿ ಕೊಡಲು ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಕೆಲವು ಮಠಾಧೀಶರು ಆಗ ವಿರೋಧಿಸಿದ್ದರು, ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಅಂತ ತೀರ್ಮಾನವಾಯಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರಕ್ಕೆ 6 ದಿನವಾಯಿತು. ಅಕ್ಕನ ಮಗಳಿಗೆ 6, ತಂಗಿಯ ಮಗಳಿಗೆ 3. ಬೀಗತನ ಎರಡೂ ಕಡೆ ಇರುವ ಈ ಭಾಗದಲ್ಲಿ ಇದು ಮನೆಮನೆಯ ಲೆಕ್ಕ.

ಹಾಗಾದರೆ ಬೀದರ್ ಕಡೆ ಕಬ್ಬಿಗೆ ಹೋದ ಮಗು ಅಲ್ಲಿನ ಶಾಲೆಗೆ ಹೋಗಬಾರದೇ? ಕಾನೂನು ಬೇಡ ಅನ್ನೋದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ರಾಜ್ಯದ ಒಳಗಿರಲಿ ಹೊರಗಿರಲಿ, ಬೇರೆ ಶಾಲೆಗೆ ಹೋಗುವ ಹಕ್ಕು ಮಗುವಿಗಿದೆ. ಟಿ.ಸಿ. ತಡವಾಯಿತು ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಟೋಳಿ ಒಂದೇ ಕಡೆ ನಿಲ್ಲೋದಿಲ್ಲ, ಕಡಿದಂತೆ ಮುಂದಿನ ಊರಿಗೆ ಸರಿಯುತ್ತದೆ. ಟಿ.ಸಿ. ತೆಗೆಸಿದರೆ ತಿರುಗಿ ಊರಿನ ಶಾಲೆಯಲ್ಲಿ ಹೆಸರು ಹಚ್ಚಬೇಕು. ಭಾಷೆಯೂ ಒಂದು ಗೋಡೆ. ಮನೆಯಲ್ಲಿ ಗೋರಮಾಟಿ, ಸಂತೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಮುಕಾದಮನ ಹತ್ತಿರ ಮರಾಠಿ. ಏಳೆಂಟು ವರ್ಷದ ಮಗು ಎಷ್ಟು ಅಂತ ಹೊರಬೇಕು?

ಅಪ್ಪನ ರೇಷನ್ ಮಾತ್ರ ಈ ತೊಡಕು ದಾಟಿದೆ. ‘ಒಂದು ದೇಶ ಒಂದು ರೇಷನ್ ಕಾರ್ಡ್’ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಮನೂರಿನ ಕಾರ್ಡಿಗೆ ಬೇರೆ ರಾಜ್ಯದಲ್ಲೂ ಹೆಬ್ಬೆಟ್ಟೊತ್ತಿ ಧಾನ್ಯ ತರಬಹುದು. ಮಗುವಿನ ಊಟಕ್ಕೆ, ಗುಳಿಗೆಗೆ ಅಂಥ ಕಾರ್ಡಿಲ್ಲ. ಮಹಾರಾಷ್ಟ್ರದಲ್ಲಿ ವಲಸೆ ಮಕ್ಕಳಿಗೆ ‘ಶಿಕ್ಷಣ ಹಮೀ ಕಾರ್ಡ್’ ಕೊಡುವ ಪದ್ಧತಿ ಬಂದಿತ್ತು. ಅದನ್ನು ತೋರಿಸಿದರೆ ಹೋದ ಊರಿನ ಶಾಲೆಯಲ್ಲಿ ಕೂರಬಹುದು. ಅಂಥದ್ದೇ ಕಾರ್ಡನ್ನು ಮೂರೂ ರಾಜ್ಯ ಒಪ್ಪಿ, ಅದರ ಹಿಂಬದಿಗೆ ಯಾವ ಗುಳಿಗೆ ಯಾವಾಗ ಕೊಟ್ಟಿದೆ, ವೈದ್ಯರು ಏನು ಬರೆದಿದ್ದಾರೆ ಎಂಬುದನ್ನು ತೆಲುಗು, ಕನ್ನಡ, ಮರಾಠಿಯಲ್ಲಿ ಅಚ್ಚು ಹಾಕಿಸಲು ಭಾರೀ ಬಜೆಟ್ ಏನೂ ಬೇಕಾಗಿಲ್ಲ.

ಅದಾಗುವವರೆಗೆ ಉಳಿದಿರೋದು ಹಂಗಾಮಿ ಹಾಸ್ಟೆಲ್. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಇದಕ್ಕೆ ಅವಕಾಶವಿದೆ, ತಂದೆ ತಾಯಿ ಹೋದರೂ ಮಗು ಊರಲ್ಲೇ ಉಂಡು ಓದಬಹುದು. ಕಸ್ತೂರಬಾ ಬಾಲಿಕಾ ವಿದ್ಯಾಲಯಗಳೂ ಇವೆ, ಆದರೆ ಅವು 6ನೇ ತರಗತಿಯಿಂದ ಮೇಲಿನ ಹುಡುಗಿಯರಿಗೆ. ಸಣ್ಣವರಿಗೆ ಹಂಗಾಮಿ ಹಾಸ್ಟೆಲ್ಲೇ ಗತಿ, ಮತ್ತು ಅದರ ಬಾಗಿಲು ಟೋಳಿ ಹೊರಡುವ ಮುಂಚೆಯೇ ತೆರೆದಿರಬೇಕು. ಮುಕಾದಮ ಉಚಲ ಹಂಚೋದು ಮಳೆಗಾಲದಲ್ಲೇ. ಯಾವ ಮನೆಯಿಂದ ಯಾರು ಹೋಗುತ್ತಾರೆ ಅಂತ ತಾಂಡಾಕ್ಕೆಲ್ಲ ಆಗಲೇ ಗೊತ್ತಿರುತ್ತದೆ. ಆ ಪಟ್ಟಿ ಆಗಸ್ಟಿನಲ್ಲಿ, ಜಂತುಹುಳದ ಗುಳಿಗೆ ಕೊಡುವ ದಿನವೇ, ಶಾಲೆಯಲ್ಲಿ ಬರೆದುಕೊಳ್ಳಬಹುದು.