ಮಾತಾಡಿದರೆ ಇಳಿಯುವ ಭಾರ



ಎದೆ ಭಾರ, ತಲೆ ಧಿಂ ಅನ್ನುತ್ತೆ, ರಾತ್ರಿ ನಿದ್ದೆಯಿಲ್ಲ ಅಂತ ಡಾಕ್ಟರ ಹತ್ತಿರ ಹೋಗುತ್ತೇವೆ. ಎಲ್ಲ ಪರೀಕ್ಷೆ ಮಾಡಿ “ನಿಮಗೇನೂ ಇಲ್ಲಮ್ಮ” ಅಂದುಬಿಡುತ್ತಾರೆ. ಮನೆಗೆ ಬಂದರೆ “ನೋಡು, ಬರೀ ನೆಪ” ಎಂಬ ಮಾತು ಬೇರೆ. ಏನೂ ಇಲ್ಲದಿದ್ದರೆ ಆ ಭಾರ ಎಲ್ಲಿಂದ ಬಂತು? ಇಂಥ ಮನಸ್ಸಿನ ಸಂಗತಿಗಳನ್ನು ನಮ್ಮ ಕನ್ನಡದಲ್ಲೇ ಬರೆದ ಒಬ್ಬ ಡಾಕ್ಟರನ್ನು ಈ ಸಲ ಪರಿಚಯ ಮಾಡಿಕೊಡುತ್ತೇನೆ.

ಅವರು ಡಾ. ಎಂ. ಶಿವರಾಂ (1905–1984). ‘ರಾಶಿ’ ಅಂದರೆ ಮನೆಯ ಹಿರಿಯರಿಗೆ ತಟ್ಟನೆ ನೆನಪಾದೀತು. ಬೆಂಗಳೂರಿನಲ್ಲಿ ವೈದ್ಯರಾಗಿದ್ದುಕೊಂಡೇ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆ ಶುರುಮಾಡಿದರು. 1967ರವರೆಗೆ ಅದು ಮನೆಮನೆಯನ್ನೂ ನಗಿಸಿತು. ಆರ್.ಕೆ. ಲಕ್ಷ್ಮಣ್ ಕೂಡ ಅದಕ್ಕೆ ವ್ಯಂಗ್ಯಚಿತ್ರ ಬರೆದವರೇ. ಇಷ್ಟು ನಗಿಸಿದವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಪುಸ್ತಕಕ್ಕೆ ಗೊತ್ತೆ? ನಗೆಬರಹಕ್ಕಲ್ಲ, ‘ಮನಮಂಥನ’ಕ್ಕೆ. ಮನೋರೋಗಗಳನ್ನು ಕುರಿತ ಗ್ರಂಥ ಅದು.

ಇದರಲ್ಲೇನು ಹೆಚ್ಚುಗಾರಿಕೆ ಅಂತೀರಾ? ಅದಕ್ಕೆ ಸ್ವಲ್ಪ ಹಿಂದಕ್ಕೆ, ದೂರದ ವಿಯೆನ್ನಾಕ್ಕೆ ಹೋಗಬೇಕು. 1880ರಲ್ಲಿ ಅಲ್ಲಿ ಬರ್ಥಾ ಪಾಪೆನ್‌ಹೈಮ್ ಎಂಬ ಹುಡುಗಿ ಕಾಯಿಲೆ ಬಿದ್ದ ತಂದೆಯ ಆರೈಕೆ ಮಾಡುತ್ತಾ ತಾನೇ ಹಾಸಿಗೆ ಹಿಡಿದಳು. ಕೈ ಮರಗಟ್ಟಿತು, ತಾಯ್ನುಡಿಯೇ ಬಾಯಿಗೆ ಬಾರದಾಯಿತು. ಬ್ರೂಯರ್ ಎಂಬ ಡಾಕ್ಟರು ಪಕ್ಕದಲ್ಲಿ ಕೂತು ಅವಳ ಮಾತು ಕೇಳಿಸಿಕೊಂಡರು. ಒಳಗಿದ್ದದ್ದನ್ನು ಹೇಳಿಕೊಂಡ ದಿನ ಅವಳಿಗೆ ಹಗುರ. ‘ಮಾತಿನ ಚಿಕಿತ್ಸೆ’ ಎಂಬ ಹೆಸರಿಟ್ಟವಳು ಅವಳೇ. ಒಲೆಯ ಹೊಗೆಗೂಡು ಗುಡಿಸಿದ ಹಾಗೆ ಎಂದು ತಮಾಷೆಯನ್ನೂ ಮಾಡಿದ್ದಳು! ಬ್ರೂಯರ್ ಮತ್ತು ಫ್ರಾಯ್ಡ್ 1895ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. ಮುಂದೆ ಫ್ರಾಯ್ಡ್ ಬೆಳೆಸಿದ ಮನೋವಿಶ್ಲೇಷಣೆಗೆ ಬೇರು ಇದೇ. ಅಂದರೆ ಈ ವಿದ್ಯೆಯ ಮೊದಲ ಗುರು ಒಬ್ಬ ಹೆಣ್ಣುಮಗಳು ಎನ್ನಬಹುದಲ್ಲವೇ?

1922ರಲ್ಲಿ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ವಿಭಾಗ ಆರಂಭಿಸಿದರು. ಆದರೆ ಆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅಡಿಗೆಮನೆಯಲ್ಲಿ ಬೇಯುವವಳ ಕೈಗೆ ಅದು ಬರುವುದೆಂತು? ಅದಕ್ಕೇ ಶಿವರಾಂ ಅವರು ಕನ್ನಡದಲ್ಲಿ ಬರೆದದ್ದು ದೊಡ್ಡ ಉಪಕಾರ. ನೋವಿಗೆ ನಮ್ಮ ಮಾತಿನಲ್ಲಿ ಹೆಸರು ಸಿಕ್ಕಿದರೆ ತಾನೆ ಅದನ್ನು ಇನ್ನೊಬ್ಬರಿಗೆ ಹೇಳೋದು?

ನಮ್ಮ ರುದ್ರಪಟ್ಟಣ ಕಾವೇರಿ ದಡದ ಸಂಗೀತಗಾರರ ಊರು. ತಂತಿ ಸಡಿಲವಾಯಿತೆಂದು ಇಲ್ಲಿ ಯಾರೂ ತಂಬೂರಿಯನ್ನು ಅಟ್ಟಕ್ಕೆ ಎಸೆಯುವುದಿಲ್ಲ. ಕಿವಿಗೊಟ್ಟು ಕೇಳಿ ಶ್ರುತಿ ಮಾಡುತ್ತಾರೆ. ಮನಸ್ಸು ಸಡಿಲವಾದವರಿಗೆ ಮಾತ್ರ ‘ಹುಚ್ಚು’ ಅಂದುಬಿಡುತ್ತೇವೆ! ಇಲ್ಲವೇ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತೇವೆ. ಮಗಳಾದರಂತೂ ಮದುವೆ ನಿಂತೀತೆಂದು ಮುಚ್ಚಿಡುತ್ತೇವೆ. ಮುಚ್ಚಿಟ್ಟ ಮನೆಗಳಲ್ಲಿ ಜೀವಗಳೇ ಹೋಗಿವೆಯಮ್ಮ.

ಬರ್ಥಾಳಿಗೂ ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಆಮೇಲೂ ಆಸ್ಪತ್ರೆ ಸೇರಬೇಕಾಯಿತು. ಆದರೆ ಅದೇ ಬರ್ಥಾ 1904ರಲ್ಲಿ ತನ್ನ ಸಮಾಜದ ಹೆಂಗಸರಿಗಾಗಿ ಒಂದು ಸಂಘ ಕಟ್ಟಿ ನಿಂತಳು. ಕಾಯಿಲೆ ಬಂದ ಮಾತ್ರಕ್ಕೆ ಬಾಳು ಮುಗಿಯಲಿಲ್ಲ ನೋಡಿ.

ಹಾಗಾಗಿ ಒಂದೆರಡು ಕಿವಿಮಾತು. ನೆರೆಯಾಕೆ ಮನಸ್ಸು ಬಿಚ್ಚಿದರೆ ನಡುವೆ ಬುದ್ಧಿ ಹೇಳಬೇಡಿ, ಸುಮ್ಮನೆ ಕೇಳಿ. ಕೇಳಿದ್ದನ್ನು ನಲ್ಲಿಯ ಹತ್ತಿರ ಹಂಚಬೇಡಿ. ಎರಡು ವಾರವಾದರೂ ನಿದ್ದೆ ಹತ್ತದೆ, ಊಟ ರುಚಿಸದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹೋಗಲಾಗದವರಿಗೆ 2022ರಿಂದ ಸರ್ಕಾರದ ‘ಟೆಲಿ ಮಾನಸ್’ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ನಂಬರನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೆ ಇವತ್ತೇ ಬರೆದಿಡಿ. ನಿಮಗೆ ಬೇಡದಿದ್ದರೂ ನಿಮ್ಮ ಮನೆಗೆ ಬಂದವರೊಬ್ಬರಿಗೆ ಬೇಕಾದೀತು.