ಪಾರ್ಟ್ ಟೈಮ್ ದುಡಿಮೆಯಿಂದ ಫೀಸು ಕಟ್ಟಬಹುದೇ?

‘ಹೋಗಿ ಸೇರ್ಕೊಳ್ಳಿ ಸಾಕು, ಪಾರ್ಟ್ ಟೈಮ್ ಮಾಡಿ ಫೀಸೂ ಕಟ್ಟಬಹುದು’ ಎಂಬ ಏಜೆಂಟರ ಮಾತು ನಂಬಿ ಮನೆಯವರು ಜಮೀನು ಅಡವಿಡುವ ಮುನ್ನ ಒಂದು ಲೆಕ್ಕ ಹಾಕಬೇಕು. ನಮ್ಮ ಕಾಮರ್ಸ್ ವಿಭಾಗದವರಿಗೆ ಅದು ಐದು ನಿಮಿಷದ ಕೆಲಸ.

ಕೆನಡಾವನ್ನೇ ತೆಗೆದುಕೊಳ್ಳಿ. 2024ರ ನವೆಂಬರ್‌ನಿಂದ, ತರಗತಿ ನಡೆಯುವಾಗ ವಿದೇಶಿ ವಿದ್ಯಾರ್ಥಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು. ಒಂಟಾರಿಯೊ ಪ್ರಾಂತ್ಯದಲ್ಲಿ 2025ರ ಅಕ್ಟೋಬರ್‌ನಿಂದ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್. 52 ವಾರವೂ ಕೆಲಸ ಸಿಕ್ಕಿ, ತೆರಿಗೆಯೇ ಇಲ್ಲವೆಂದುಕೊಂಡರೂ ಕೈಗೆ ಬರುವುದು ಸುಮಾರು 21,965 ಡಾಲರ್. ಆದರೆ ಫೀಸು ಬಿಟ್ಟು, ಬರೀ ಜೀವನ ಖರ್ಚಿಗೆ ಅಲ್ಲಿನ ಸರ್ಕಾರ ಮೊದಲೇ ತೋರಿಸಲು ಹೇಳುವ ಮೊತ್ತ 22,895. ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು, ನಿಜ. ಅದರಿಂದ ಬಾಡಿಗೆ, ಊಟಕ್ಕೆ ಆದೀತು. ಫೀಸು?

ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ವಾರಕ್ಕೆ 20. ಅಲ್ಲಿ ಇನ್ನೊಂದು ನಿಯಮವಿದೆ, ಇದನ್ನು ಏಜೆಂಟರು ಹೇಳುವುದೇ ಅಪರೂಪ: ವಿದ್ಯಾರ್ಥಿ ವೀಸಾದವರು ಸ್ವಂತ ಉದ್ಯೋಗ ಮಾಡುವಂತಿಲ್ಲ. ನಮ್ಮ ಶಿವಾರಪಟ್ಟಣದ ಶಿಲ್ಪಿಯೊಬ್ಬರ ಮಗ ಬಿಡುವಿನಲ್ಲಿ ವಿಗ್ರಹ ಕೆತ್ತಿ ಮಾರಲು ಕೂತರೆ ಅದೂ ತಪ್ಪೇ. ಊರಲ್ಲಿ ಹೊಟ್ಟೆ ತುಂಬಿಸುವ ಉಳಿ ಅಲ್ಲಿ ವೀಸಾ ಕಳೆಯಬಹುದು! ಆ್ಯಪ್ ಹಿಡಿದು ಸ್ವಂತ ಲೆಕ್ಕದಲ್ಲಿ ಊಟ ತಲುಪಿಸುವ ಕೆಲಸಕ್ಕೂ ಇದೇ ಮಾತು.

‘ಮಿಕ್ಕ ಗಂಟೆಗೆ ಕ್ಯಾಶ್ ಕೊಡ್ತಾರೆ’ ಎನ್ನುವವರಿದ್ದಾರೆ. ಕೊಡದೇ ಹೋದರೆ ಯಾರ ಬಳಿ ದೂರುವುದು? ನಿಯಮ ಮೀರಿದವನ ಬಾಯಿ ಮಾಲೀಕನ ಕೈಯಲ್ಲಿರುತ್ತದೆ. ಸಿಕ್ಕಿಬಿದ್ದರೆ ಓದು ಅರ್ಧಕ್ಕೆ ನಿಲ್ಲುತ್ತದೆ, ಸಾಲ ಮಾತ್ರ ಪೂರ್ತಿ ಉಳಿಯುತ್ತದೆ.

ಹೋಗಬೇಡಿ ಎನ್ನುತ್ತಿಲ್ಲ. ಸ್ಕಾಲರ್‌ಶಿಪ್ ಹುಡುಕಿ, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲದ ಬಗ್ಗೆ ವಿಚಾರಿಸಿ. ದುಡಿಮೆಯನ್ನು ಕೈಖರ್ಚಿನ ಲೆಕ್ಕಕ್ಕೆ ಮಾತ್ರ ಹಿಡಿಯಿರಿ.

ಉಪನ್ಯಾಸಕರಲ್ಲಿ ಒಂದು ವಿನಂತಿ. ಸಿಇಟಿಗೆ ತಿಳಿವಳಿಕೆ ಕೊಡುವ ಹಾಗೆ ಇದಕ್ಕೂ ಒಂದು ಮಧ್ಯಾಹ್ನ ಇಡಿ, ಅಬ್ಬಾ–ಅಮ್ಮಿಯರನ್ನೂ ಕರೆಯಿರಿ. ಏಜೆಂಟರೂ ಬರಲಿ. ಪಾರ್ಟ್ ಟೈಮ್ ದುಡಿಮೆಯಲ್ಲಿ ಫೀಸು ಕಟ್ಟಬಹುದೆಂದು ಸಹಿ ಹಾಕಿ ಬರೆದುಕೊಡುತ್ತೀರಾ ಎಂದು ಎಲ್ಲರ ಎದುರು ಕೇಳೋಣ.