ನಿಯಮ ಬದಲಾದಾಗ ಆಸ್ಪತ್ರೆ ಒಂದಾಗಬೇಕು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ, ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲೂಕು ಆಂಧ್ರಪ್ರದೇಶದ ಪಾಲಾಯಿತು. ಅಲ್ಲಿಯೂ, ನೆರೆಯ ನಾರಾಯಣಪೇಟೆ ಮತ್ತು ಮಕ್ತಲ್‌ಗಳಲ್ಲಿಯೂ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬಂತೆ ಬಾಳುವ ಕುಟುಂಬಗಳು ಇಂದಿಗೂ ಇವೆ. ಕಾಯಿಲೆ ಬಿಗಡಾಯಿಸಿದಾಗ ನಾವು ಮಂಗಳೂರಿಗೆ ಧಾವಿಸುವಂತೆ ಅವರು ರಾಯಚೂರಿನ ಹಾದಿ ಹಿಡಿಯುತ್ತಾರೆ. ಆದುದರಿಂದ ಅಲ್ಲಿನ ಆಸ್ಪತ್ರೆಗಳ ವಿಚಾರ ನಮ್ಮ ಓದುಗರಿಗೆ ದೂರದ ಸುದ್ದಿಯೆನಿಸದು.

ಗದ್ವಾಲ 2016ರಲ್ಲಿ ಜಿಲ್ಲಾ ಕೇಂದ್ರವಾಯಿತು. ಮಕ್ತಲ್ ಒಳಗೊಂಡಂತೆ ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಯಿತು. 2024ರಲ್ಲಿ ಎರಡೂ ಕಡೆಗಳಲ್ಲಿ ತಲಾ 50 ಸ್ಥಾನಗಳ ಸರಕಾರಿ ವೈದ್ಯಕೀಯ ಕಾಲೇಜಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ ದೊರೆಯಿತು. ಹಿಂದುಳಿದ ಗಡಿಸೀಮೆಗೆ ಇದು ಸಂತೋಷದ ವಿಷಯವೇ ಸರಿ.

ಆದರೆ ಕಾಲೇಜಿನೊಂದಿಗೆ ನಿಯಮಗಳ ಕಟ್ಟೂ ಬರುತ್ತದೆ. 2023ರ ನಿಯಮದಂತೆ 50 ಸ್ಥಾನಗಳಿಗೆ 220 ಹಾಸಿಗೆಗಳ ಆಸ್ಪತ್ರೆ ಇರಬೇಕು. ಅಧ್ಯಾಪಕರ ಹಾಜರಿಯನ್ನು 2025ರ ಮೇ ತಿಂಗಳಿಂದ ಮುಖ ನೋಡಿ ಗುರುತಿಸುವ ಯಂತ್ರವೇ ದಾಖಲಿಸಬೇಕೆಂದು ಆಯೋಗ ವಿಧಿಸಿದೆ. ಜಿಲ್ಲಾಸ್ಪತ್ರೆ ಬೋಧನಾ ಆಸ್ಪತ್ರೆಯಾಗುವಾಗ ಅದರ ಆಡಳಿತ ವೈದ್ಯ ವಿಧಾನ ಪರಿಷತ್ತಿನಿಂದ ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯಕ್ಕೆ ಹೋಗುವುದು ತೆಲಂಗಾಣದಲ್ಲಿ ನಡೆದುಬಂದ ಕ್ರಮ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮಾತ್ರ ಜಿಲ್ಲಾ ಆರೋಗ್ಯಾಧಿಕಾರಿಯ ಕೈಕೆಳಗೇ ಉಳಿಯುತ್ತವೆ. ರೋಗಿ ಒಬ್ಬನೇ, ಅವನ ದಾರಿಯಲ್ಲಿ ಯಜಮಾನರು ಮಾತ್ರ ಹಲವರು.

ಮಕ್ತಲ್ ಬಳಿಯ ಹಳ್ಳಿಯೊಂದರಲ್ಲಿ ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲವೆಂದು ಭಾವಿಸೋಣ. ಆಶಾ ಕಾರ್ಯಕರ್ತೆ ವಿಷಯ ತಿಳಿಸಬೇಕು, 108 ವಾಹನ ಬರಬೇಕು. ರಕ್ತದ ಗುಂಪನ್ನು ಪ್ರಯೋಗಾಲಯ ನೋಡಬೇಕು, ರಕ್ತನಿಧಿ ರಕ್ತ ಕೊಡಬೇಕು. ಪ್ರಸೂತಿ ವೈದ್ಯೆಯೊಂದಿಗೆ ಅರಿವಳಿಕೆಯ ವೈದ್ಯರೂ ಸಿದ್ಧರಿರಬೇಕು. ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ನಿಯಮವನ್ನು ಚಾಚೂತಪ್ಪದೆ ಪಾಲಿಸಿಯೂ ಆ ತಾಯಿ ಉಳಿಯದೆ ಹೋಗಬಹುದು. ಏಕೆಂದರೆ ಸಾವು ನುಸುಳುವುದು ಒಂದು ವಿಭಾಗದ ಬಾಗಿಲು ಮುಚ್ಚಿ ಇನ್ನೊಂದರ ಬಾಗಿಲು ತೆರೆಯುವ ನಡುವೆ. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದಿದ್ದರಂತೂ ಆ ನಡುವಣ ಅಂತರ ಇನ್ನೂ ಹಿಗ್ಗುತ್ತದೆ.

ಒಂದು ವಿಭಾಗ ಮಾತ್ರ ನಿಯಮ ಪಾಲಿಸಿದರೆ ಸಾಲದೆಂಬುದಕ್ಕೆ ಹಳೆಯ ನಿದರ್ಶನವೂ ಇದೆ. 2016ರಲ್ಲಿ ಆಸ್ಪತ್ರೆ ಕಸದ ವಿಲೇವಾರಿಗೆ ಹೊಸ ನಿಯಮ ಬಂತು. ರಕ್ತಸಿಕ್ತ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ, ಬಳಸಿದ ಪ್ಲಾಸ್ಟಿಕ್ ನಳಿಗೆ ಕೆಂಪಕ್ಕೆ, ಸೂಜಿ ಚುಚ್ಚಿ ಹೊರಬಾರದ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಕಾಗದದ ಮೇಲೆ ಎಷ್ಟು ಸರಳ! ಆದರೆ ವಾರ್ಡಿನಲ್ಲಿ ದಾದಿ ಅವಸರದಿಂದ ಸೂಜಿಯನ್ನು ಹಳದಿ ಚೀಲಕ್ಕೆ ಹಾಕಿದರೆ ಅದು ಚುಚ್ಚುವುದು ಗುಡಿಸುವಾಕೆಯ ಕೈಗೆ. ಬಿಳಿ ಡಬ್ಬ ಮುಗಿದಿದೆಯೆಂದು ಉಗ್ರಾಣಕ್ಕೆ ಯಾರೂ ತಿಳಿಸದಿದ್ದರೆ ದಾದಿಯನ್ನು ದೂರಿ ಫಲವೇನು?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ. ಹೊಸ ಸುತ್ತೋಲೆ ಬಂದಾಗ ಅದರ ಪ್ರತಿಯನ್ನು ವಿಭಾಗಕ್ಕೊಂದರಂತೆ ಹಂಚಿ ಸಹಿ ಪಡೆದರೆ ಕೆಲಸ ಮುಗಿಯದು. ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲ ವಿಭಾಗದವರೂ ಒಂದೆಡೆ ಕುಳಿತುಕೊಳ್ಳಲಿ. ಅಲ್ಲಿ ವೈದ್ಯರಷ್ಟೇ ಸಾಲದು; ದಾದಿ, ಔಷಧ ಕೊಡುವವರು, ಪ್ರಯೋಗಾಲಯದವರು, ದಾಖಲೆ ಬರೆಯುವ ಗುಮಾಸ್ತ, ಗುಡಿಸುವವರೂ ಇರಲಿ. ಆ ವಾರ ಯಾವ ರೋಗಿ ಎಲ್ಲಿ ಕಾಯಬೇಕಾಯಿತು ಎಂಬ ಒಂದೇ ಪ್ರಶ್ನೆಯನ್ನು ಚರ್ಚಿಸಲಿ. ತಪ್ಪಿತಸ್ಥರನ್ನು ಹುಡುಕುವ ಸಭೆ ಅದಾಗಬಾರದು. ಗಡಿಯ ಆಸ್ಪತ್ರೆಗಳಲ್ಲಿ ಚೀಟಿ ಕೊಡುವಲ್ಲಿ ಕನ್ನಡ ಬಲ್ಲವರೊಬ್ಬರಿರಲಿ. ರಾಯಚೂರಿಗೆ ಕಳುಹಿಸುವ ರೋಗಿಯ ಕೈಯಲ್ಲಿ ಈವರೆಗೆ ಮಾಡಿದ ಚಿಕಿತ್ಸೆಯ ಸ್ಪಷ್ಟ ವಿವರವಿರಲಿ.

ಸಿಬ್ಬಂದಿಯೇ ಸಾಲದಿರುವಾಗ ಸಭೆಯಿಂದೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಮಾತು ನ್ಯಾಯವೇ. ಸಭೆ ಸೇರಿದ ಮಾತ್ರಕ್ಕೆ ಖಾಲಿ ಹುದ್ದೆ ತುಂಬುವುದಿಲ್ಲ. ಅದು ಸರಕಾರದ ಹೊಣೆ, ಅದರಿಂದ ಅದು ನುಣುಚಿಕೊಳ್ಳಲಾಗದು. ಆದರೆ ಹತ್ತು ಜನ ಮಾಡಬೇಕಾದ ಕೆಲಸವನ್ನು ಆರು ಮಂದಿ ಮಾಡುವಲ್ಲಿಯೇ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಬೇಕಾದ ಅಗತ್ಯ ಹೆಚ್ಚು.

ಇದು ಪರರಿಗೆ ಹೇಳುವ ಬುದ್ಧಿವಾದವೆಂದು ಯಾರೂ ಭಾವಿಸಬಾರದು. ಉಕ್ಕಿನಡ್ಕದಲ್ಲಿ ನಮ್ಮ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದುದು 2013ರ ನವೆಂಬರ್ 30ರಂದು. 50 ವಿದ್ಯಾರ್ಥಿಗಳ ಪ್ರವೇಶಕ್ಕೆ ಆಯೋಗ ಒಪ್ಪಿದ್ದು 2025ರಲ್ಲಿ. ಗದ್ವಾಲ, ನಾರಾಯಣಪೇಟೆಗಳು ಎದುರಿಸುವ ಪರೀಕ್ಷೆ ನಮ್ಮ ಬಾಗಿಲಿಗೂ ಬಂದಿದೆ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರು ತಲಪಲಾಗದೆ ಪ್ರಾಣ ಬಿಟ್ಟವರನ್ನು ನಾವು ಮರೆತಿಲ್ಲ. ಗಡಿಯ ಜನರಿಗೆ ಸ್ವಂತ ಊರಿನ ಆಸ್ಪತ್ರೆ ಎಷ್ಟು ಅಗತ್ಯವೆಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ತಪಾಸಣೆಗೆ ಬಂದವರು ಹಾಸಿಗೆಗಳನ್ನು ಎಣಿಸಿ ಹೋಗುತ್ತಾರೆ. ಹಾಸಿಗೆಯಲ್ಲಿ ಮಲಗಿದವನ ಬಳಿಗೆ ಎಲ್ಲ ವಿಭಾಗಗಳೂ ಸಕಾಲದಲ್ಲಿ ತಲಪಿದುವೇ ಎಂಬುದನ್ನು ಎಣಿಸಬೇಕಾದವರು ಆಸ್ಪತ್ರೆಯವರೇ. ಸಂಬಂಧಪಟ್ಟವರು ಈ ಕಡೆಗೆ ಗಮನಹರಿಸುವರೆಂದು ಹಾರೈಸುತ್ತೇವೆ.